ರೊಕ್ಕ ಐತಿ ಅನ್ನಬಾರದು

ನಮ್ಮ ತವರುಮನೆಯಲ್ಲಿ ಜೋಳದ ಹಿಟ್ಟು ಮುಗಿದರೆ ‘ಮುಗಿಯಿತು’ ಅನ್ನುವಂತಿರಲಿಲ್ಲ. ಡಬ್ಬಿಯ ತಳ ಕೆರೆದು ಕೊನೆಯ ರೊಟ್ಟಿ ತಟ್ಟಿದ ಮೇಲೆ ನಮ್ಮವ್ವ, "ಹಿಟ್ಟು ಹೆಚ್ಚಾಗೈತಿ, ಗಿರಣಿಗೆ ಹೋಗಿ ಬಾ" ಅನ್ನುತ್ತಿದ್ದಳು. ಉಪ್ಪು ಹೆಚ್ಚಾಗುತ್ತಿತ್ತು, ಎಣ್ಣೆ ಹೆಚ್ಚಾಗುತ್ತಿತ್ತು, ಒಡೆದ ಬಳೆ ಕೂಡ ಹೆಚ್ಚಾಗುತ್ತಿತ್ತು. ಮಾಳಿಗೆಯ ಮೇಲೆ ಅಸ್ತು ದೇವತೆಗಳು ಓಡಾಡುತ್ತಿರುತ್ತಾರಂತೆ. ನಾವು ಏನಂದರೂ ‘ಅಸ್ತು’ ಅಂದುಬಿಡುತ್ತಾರಂತೆ. ಅವರಿಗೆ ‘ಇಲ್ಲ’ ಅನ್ನುವ ಮಾತು ಕೇಳಿಸಬಾರದು. ಚಿಕ್ಕವಳಿದ್ದಾಗ ನಾನೊಮ್ಮೆ "ಅವ್ವಾ, ಬೆಲ್ಲ ಇಲ್ಲ" ಅಂತ ಅಡುಗೆಮನೆಯಿಂದ ಕೂಗಿ ಬೆನ್ನಿಗೆ ಗುದ್ದು ತಿಂದಿದ್ದೆ.

ರೊಕ್ಕದ ವಿಷಯಕ್ಕೆ ಬಂದರೆ ಮಾತ್ರ ಕಾನೂನು ಉಲ್ಟಾ. ರೊಕ್ಕ ಇದ್ದರೂ ಇದೆ ಅನ್ನಬಾರದು. ಅವ್ವ ಆ ಮಾತು ಹೇಳುವ ಮೊದಲು ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು, ಯಾರಾದರೂ ನಿಂತು ಕೇಳಿಸಿಕೊಳ್ಳುತ್ತಿದ್ದಾರೇನೋ ಎಂದು. ಆಮೇಲೆ ದನಿ ತಗ್ಗಿಸಿ, "ಜೋಳಕ್ಕ ಇಲ್ಲ ಅನಬಾರ್ದು, ರೊಕ್ಕಕ್ಕ ಐತಿ ಅನಬಾರ್ದು. ಐತಿ ಅಂದ್ರ ಎದ್ದು ಹೋಕ್ಕತಿ" ಅನ್ನುತ್ತಿದ್ದಳು. ಅಸ್ತು ದೇವತೆಗಳು ಜೋಳದ ಲೆಕ್ಕಕ್ಕೊಂದು, ರೊಕ್ಕದ ಲೆಕ್ಕಕ್ಕೊಂದು ಕಿವಿ ಇಟ್ಟುಕೊಂಡಿದ್ದರೇ ಅಂತ ನಾನು ಕೇಳಲಿಲ್ಲ. ಮಕ್ಕಳು ಇಂಥದ್ದನ್ನೆಲ್ಲ ಕೇಳುವುದಿಲ್ಲ, ಕಲಿತುಬಿಡುತ್ತಾರೆ.

ಅವ್ವನದೇನೂ ಸುಮ್ಮನೆ ಹುಟ್ಟಿದ ಭಯವಲ್ಲ. ಹಿರೇಹಡಗಲಿಯಲ್ಲಿ ನಮಗೆ ನಾಲ್ಕು ಸಾಲು ಮಲ್ಲಿಗೆ ಇತ್ತು. ಕತ್ತಲಿರುವಾಗಲೇ ಎದ್ದು ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ, ಹಡಗಲಿಗೆ ಹೋಗುವ ಮೊದಲ ಬಸ್ಸಿಗೆ ಕಳಿಸುತ್ತಿದ್ದಳು. ಆ ರೊಕ್ಕದಲ್ಲಿ ಅವಳಿಗೊಂದು ಬಂಗಾರದ ಗುಂಡಿನ ಬೋರಮಾಳ ಸರ ಮಾಡಿಸಿಕೊಳ್ಳುವ ಆಸೆ. ಎಷ್ಟೋ ವರ್ಷ ಕೂಡಿಟ್ಟಳು. ಒಂದು ಮದುವೆಯಲ್ಲಿ, ಎಲ್ಲರ ಕೊರಳು ನೋಡಿ ಉಮೇದು ಬಂದು, ದೊಡ್ಡವ್ವನ ಮುಂದೆ "ಮುಂದಿನ ವರ್ಷ ನಂದೂ ಆಕ್ಕತಿ, ಕೂಡಿಟ್ಟೀನಿ" ಅಂದಳಂತೆ. ಎಂಟು ದಿನದೊಳಗೆ ದೊಡ್ಡಪ್ಪ ಪಡಸಾಲೆಯಲ್ಲಿ ಬಂದು ಕೂತರು. ಎತ್ತು ಕೊಳ್ಳಬೇಕಂತೆ. ಅಪ್ಪ ಅವ್ವನ ಮುಖ ನೋಡಿದರು. ಇಲ್ಲ ಅನ್ನಲು ಈಗ ಬರುವಂತಿರಲಿಲ್ಲ, ತಾನೇ ಬಾಯಿಬಿಟ್ಟಿದ್ದಳು. ಅವ್ವ ಬೋರಮಾಳ ಹಾಕಿಕೊಳ್ಳದೆಯೇ ಸತ್ತಳು. ಆದರೆ ಆ ದಿನದಿಂದ ಸಾಯುವವರೆಗೆ ತನ್ನ ಹತ್ತಿರ ರೊಕ್ಕ ಇದೆ ಅಂತ ಯಾರ ಮುಂದೆಯೂ ಅನ್ನಲಿಲ್ಲ.

ನನಗೆ ಟೀಚರ್ ನೌಕರಿ ಸಿಕ್ಕು ಕೂಡ್ಲಿಗಿ ತಾಲೂಕಿನ ಹಳ್ಳಿಯೊಂದಕ್ಕೆ ಮೊದಲು ಹೋದಾಗ ಅವ್ವ ಜೊತೆಗೆ ಬಂದು ಎರಡು ತಿಂಗಳು ಇದ್ದಳು. ಮೊದಲ ಪಗಾರ ಬಂದ ದಿನ ಪಕ್ಕದ ಮನೆಯ ಹೆಂಗಸು "ಎಷ್ಟು ಕೊಡ್ತಾರವ್ವ ನಿಮಗ?" ಅಂತ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ನಡುವೆ ಬಂದು, "ಎಲ್ಲಿ ಪಗಾರ, ಅದು ಬಸ್ಸಿನ ಚಾರ್ಜಿಗೇ ಸಾಕಾಗಂಗಿಲ್ಲ" ಅಂದಳು. ಒಳಗೆ ಬಂದು ನನ್ನ ತಲೆ ಸವರಿದಳು. ಅದೇ ನನಗೆ ಸಿಕ್ಕ ಆಶೀರ್ವಾದ. ಬೇರೆಯವರ ಅವ್ವಂದಿರು ಚಿನ್ನ ಕೊಡುತ್ತಾರೆ, ನಮ್ಮವ್ವ ಒಂದು ವಾಕ್ಯ ಕೊಟ್ಟಳು.

ಆಮೇಲೆ ಹಗರಿಬೊಮ್ಮನಹಳ್ಳಿಗೆ ಮದುವೆಯಾಗಿ ಬಂದೆ, ಕೊಟ್ಟೂರಿನ ಹತ್ತಿರದ ಶಾಲೆಗೆ ವರ್ಗವೂ ಆಯಿತು. ನನ್ನ ಗಂಡನಿಗೆ ಬೋರಿನ ಮೋಟರ್ ಸುಡುವುದೇ ಜೀವನಾಧಾರ. ಸುಟ್ಟ ಮೋಟರುಗಳ ತಂತಿ ಸುತ್ತಿ ಕೊಡುವ ಅಂಗಡಿ ಅವರದು. ಕೈ ಸಡಿಲ, ಬಾಯಿ ಇನ್ನೂ ಸಡಿಲ. ಯಾರು ಕೇಳಿದರೂ "ಐತಿ, ತಗೊಂಡ್ಹೋಗ್ರಿ" ಅನ್ನುವ ಮನುಷ್ಯ. ಹಾಗಾಗಿ ರೊಕ್ಕದ ಕಾವಲು ನನ್ನ ಪಾಲಿಗೆ ಬಂತು. ನನ್ನ ಪಗಾರದಲ್ಲಿ ಅರ್ಧ ಅಂಚೆ ಕಚೇರಿಗೆ ಹೋಗುತ್ತಿತ್ತು. ಪಾಸ್‌ಬುಕ್ಕುಗಳು ದೇವರ ಫೋಟೋದ ಹಿಂದೆ ಒಂದು ಬಟ್ಟೆಯ ಚೀಲದಲ್ಲಿ, ಮಗಳ ಶಾಲೆಯ ಸರ್ಟಿಫಿಕೇಟುಗಳ ಜೊತೆಗೆ ಇರುತ್ತಿದ್ದವು. ಊರಲ್ಲಿ ಒಂದು ಸೈಟು ಕೊಂಡು ಮನೆ ಕಟ್ಟಬೇಕು ಅನ್ನುವುದು ಗುರಿ. ಗುರಿ ತಪ್ಪಲ್ಲ. ತಪ್ಪು ಬೇರೆ ಕಡೆ ಇತ್ತು.

‘ಇಲ್ಲ’ ನನ್ನ ನಾಲಿಗೆಯ ತುದಿಯಲ್ಲೇ ಮನೆ ಮಾಡಿಕೊಂಡಿತ್ತು. ಬಳೆಗಾರ ಬಂದರೆ ಇಲ್ಲ, ಗಣಪತಿ ಚಂದಾಕ್ಕೆ ಬಂದರೆ ಇಲ್ಲ, ಗಂಡ ಹೊಸ ಚಪ್ಪಲಿ ಅಂದರೆ ಇಲ್ಲ. ಹೇಳಿ ಹೇಳಿ ನಾನೇ ಅದನ್ನು ನಂಬಿದ್ದೆ. ಪಗಾರದ ದಿನ, ಪರ್ಸು ಉಬ್ಬಿರುವಾಗಲೂ, ನನ್ನೊಳಗೆ ಒಂದು ದನಿ "ಏನೈತಿ ನಿನ್ನ ಹತ್ರ, ಏನೂ ಇಲ್ಲ, ನಾಳೆ ಏನಾರ ಆದ್ರ?" ಅಂತ ಗೊಣಗುತ್ತಲೇ ಇರುತ್ತಿತ್ತು. ಅದು ಅವ್ವನದೇ ದನಿ, ಆದರೆ ಆಗ ನನಗದು ಬುದ್ಧಿವಂತಿಕೆಯ ದನಿ ಅನಿಸುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಂತ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ಹಾಸಿಗೆ ಮಡಚಿಟ್ಟು, ಎಲ್ಲರನ್ನೂ ಬರಿ ನೆಲದ ಮೇಲೆ ಕಾಲು ಮುದುಡಿ ಮಲಗಿಸಿದೆ.

ನಮಗೆ ಒಬ್ಬಳೇ ಮಗಳು. ಅವಳ ಶಾಲೆಗೆ ರಜೆ ಇದ್ದ ದಿನ ಅವಳನ್ನು ನನ್ನ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದೆ. ವಾಪಸ್ಸು ಬರುವಾಗ ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣಿ ಮಿರ್ಚಿಯ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಐದು ವರ್ಷದವಳಿದ್ದಾಗ ಸೆರಗು ಜಗ್ಗಿ ಕೇಳುತ್ತಿದ್ದಳು. "ರೊಕ್ಕಿಲ್ಲ ಮಗಳ" ಅನ್ನುತ್ತಿದ್ದೆ. ಆರು ವರ್ಷಕ್ಕೆ ಬಾಣಲೆಯ ಕಡೆ ನೋಡುತ್ತ ನಿಲ್ಲುತ್ತಿದ್ದಳು, ಕೇಳುತ್ತಿರಲಿಲ್ಲ. ಏಳು ವರ್ಷಕ್ಕೆ ನೋಡುವುದನ್ನೂ ಬಿಟ್ಟಳು. ಶಾಲೆಯ ಇತರ ಟೀಚರುಗಳು "ಎಂಥ ಶಾಣೆ ಹುಡುಗಿ ನಿಮ್ದು, ಒಂದು ದಿನ ಅದು ಬೇಕು ಇದು ಬೇಕು ಅನ್ನಂಗಿಲ್ಲ" ಅನ್ನುತ್ತಿದ್ದರು. ನನಗೆ ಹೆಮ್ಮೆ. ಅಷ್ಟು ಹೆಮ್ಮೆಪಟ್ಟೆನಲ್ಲ, ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಕೇಳದ ಮಗು ಒಳ್ಳೆಯ ಮಗು ಅಂದುಕೊಂಡಿದ್ದೆ. ಕೇಳಿ ಪ್ರಯೋಜನ ಇಲ್ಲ ಅಂತ ಅದಕ್ಕೆ ಮನವರಿಕೆ ಆಗಿದೆ ಅಂತ ಹೊಳೆಯಲಿಲ್ಲ.

ಅವಳು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಶನಿವಾರ ಮಧ್ಯಾಹ್ನ, ನಮ್ಮ ಓಣಿಯ ಹೆಂಗಸೊಬ್ಬಳು ಬಂದು ಕಟ್ಟೆಯ ಮೇಲೆ ಕೂತಳು. ಹೊಸದಾಗಿ ಒಂದು ಚೀಟಿ ಶುರು ಮಾಡುತ್ತಿದ್ದಾರೆ, ನಾನೂ ಸೇರಬೇಕಂತೆ. "ಟೀಚರ್ರ, ನಿಮಗೇನ್ರಿ, ತಿಂಗಳಾ ಪಗಾರ ಬರತೈತಿ" ಅಂದಳು. ಆ ಮಾತು ಕೇಳಿದ್ದೇ ತಡ, ನನ್ನೊಳಗಿನ ಕಾವಲುಗಾರ ಕೋಲು ಹಿಡಿದು ಎದ್ದ. ಸುಮ್ಮನೆ ಬೇಡ ಅಂದಿದ್ದರೆ ಮುಗಿಯುತ್ತಿತ್ತು. ಹಾಗೆ ಅನ್ನಲು ನನಗೆ ಬರುವುದಿಲ್ಲ. ಇಲ್ಲದ ಬಡತನವನ್ನು ಬಣ್ಣ ಹಚ್ಚಿ ಹೇಳಬೇಕು.

"ಅಯ್ಯೋ, ನಮ್ಮ ಪರಿಸ್ಥಿತಿ ನಿಮಗ ಗೊತ್ತಿಲ್ರಿ. ಈ ತಿಂಗಳಂತೂ ನಾಳೆ ಯಾರಿಗರ ಏನಾರ ಆದ್ರ ದವಾಖಾನಿಗೆ ಹೋಗಾಕೂ ರೊಕ್ಕಿಲ್ಲ" ಅಂದೆ.

ಆಕೆ "ಪಾಪ, ಇರ್ಲಿ ಬಿಡ್ರಿ" ಅಂತ ಎದ್ದು ಹೋದಳು. ಮಗಳು ಒಳಗಿನ ಕೋಣೆಯಲ್ಲಿ ಶಾಲೆಗೆ ಬೇಕಾದ ಯಾವುದೋ ಸರ್ಟಿಫಿಕೇಟ್ ಹುಡುಕುತ್ತಿದ್ದಳು. ನಾನು ಒಳಗೆ ಹೋಗಿ, ಒಂದು ಬಾಣ ತಪ್ಪಿಸಿಕೊಂಡವಳ ಹಾಗೆ ಚಹಾ ಕಾಸಿಕೊಂಡು ಕುಡಿದೆ. ಸೋಮವಾರ ಅಂಚೆ ಕಚೇರಿಗೆ ಹೋಗಿ ಆ ತಿಂಗಳ ಕಂತು ಕಟ್ಟಿ ಬಂದೆ.

ಆ ವಾರ ಅವಳ ಎಡ ಕಿವಿ ನೋಯುತ್ತಿತ್ತು. ಶೀತವಾಗಿ ಶುರುವಾಗಿದ್ದು, ಕಿವಿಗೆ ಇಳಿದಿತ್ತು. ಇದು ನನಗೆ ಗೊತ್ತಾಗಿದ್ದು ಹತ್ತು ತಿಂಗಳ ನಂತರ. ಅಷ್ಟೂ ದಿನ ಹುಡುಗಿ ತಾನೇ ಬೆಳ್ಳುಳ್ಳಿ ಜಜ್ಜಿ ಎಣ್ಣೆಯಲ್ಲಿ ಕಾಸಿ, ಆರಿಸಿ, ಕಿವಿಗೆ ಬಿಟ್ಟುಕೊಂಡಿದ್ದಾಳೆ. ಕಿವಿ ಸೋರಲು ಶುರುವಾದ ಮೇಲೆ ಹಳೆಯ ದಿಂಬಿನ ಹತ್ತಿ ಕಿತ್ತು ಇಟ್ಟುಕೊಂಡಿದ್ದಾಳೆ. ಮೇಲೆ ಕೂದಲು ಇಳಿಬಿಟ್ಟು ಜಡೆ ಹೆಣೆದುಕೊಳ್ಳುತ್ತಿದ್ದಳು. "ಇದೇನಿದು ಕಿವಿ ಮುಚ್ಚಿ ಜಡಿ, ಸಿನಿಮಾದೋರ ಹಂಗ?" ಅಂತ ನಾನು ಗೇಲಿ ಮಾಡಿದ್ದೆ. ಒಮ್ಮೆ ದಿಂಬಿನ ಮೇಲೆ ಕಲೆ ಕಂಡು ಬೈದಿದ್ದೆ. ಅವಳು ದಿಂಬಿನ ಚೀಲ ಒಗೆದು ಹಾಕಿದಳು.

ಇನ್ನೂ ನಾಚಿಕೆಯ ಸಂಗತಿ ಒಂದಿದೆ. ಅದೇ ವರ್ಷ ನನ್ನ ತರಗತಿಯಲ್ಲಿ ಒಬ್ಬ ಹುಡುಗಿ ನಾನು ಮಾತಾಡಿದಾಗಲೆಲ್ಲ ತಲೆ ಒಂದು ಕಡೆ ವಾಲಿಸುತ್ತಿದ್ದಳು. ಎರಡೇ ದಿನದಲ್ಲಿ ಗುರುತಿಸಿದೆ. ಮುಂದಿನ ಸಾಲಿಗೆ ಕೂರಿಸಿ, ಅವಳ ತಾಯಿಯನ್ನು ಶಾಲೆಗೆ ಕರೆಸಿ, "ಇಷ್ಟು ದಿನ ಏನು ಮಾಡ್ತಿದ್ರಿ? ಹೆತ್ತವ್ವಗ ಇದು ತಿಳಿಯಂಗಿಲ್ಲೇನು?" ಅಂತ ಎಲ್ಲರ ಎದುರು ಗದರಿಸಿದೆ. ಕೂಲಿಯ ಹೆಣ್ಣುಮಗಳು, ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಮಾರನೆಯ ದಿನವೇ ಮಗುವನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಸಂಜೆ ಮನೆಗೆ ಬಂದು ಈ ಸಾಹಸವನ್ನು ಗಂಡನಿಗೆ, ಮಗಳಿಗೆ ವರ್ಣಿಸಿದೆ. ಮಗಳು ಬಲಗಿವಿ ನನ್ನ ಕಡೆ ಮಾಡಿಕೊಂಡು ಕೇಳುತ್ತಿದ್ದಳು. ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ನಾನು ಆ ದೀಪ ಹಿಡಿದು ಊರಿಗೆಲ್ಲ ಬೆಳಕು ತೋರಿಸಲು ಹೊರಟಿದ್ದೆ.

ಒಂದು ಭಾನುವಾರ ಕುಕ್ಕರ್ ಇಟ್ಟು, "ಮೂರು ಸೀಟಿ ಆದ ಕೂಡ್ಲೆ ಆರಿಸು" ಅಂತ ಅವಳಿಗೆ ಹೇಳಿ ಹಿತ್ತಲಿಗೆ ಬಟ್ಟೆ ಒಗೆಯಲು ಹೋದೆ. ಸೀಟಿ ಐದಾಯಿತು, ಆರಾಯಿತು. ಕೂಗಿದೆ, ಉತ್ತರ ಇಲ್ಲ. ಒಳಗೆ ಬಂದು ನೋಡಿದರೆ, ಪಡಸಾಲೆಯ ಚಾಪೆಯ ಮೇಲೆ ಬಲ ಮಗ್ಗುಲಾಗಿ ಮಲಗಿ ಪುಸ್ತಕ ಓದುತ್ತಿದ್ದಾಳೆ. ಕಣ್ಣು ತೆರೆದೇ ಇದೆ. ಅಡುಗೆಮನೆಯಲ್ಲಿ ಬೇಳೆ ಹತ್ತಿದ ವಾಸನೆ. ನನಗೆ ಸಿಟ್ಟು ನೆತ್ತಿಗೆ ಏರಿತು. ಬೇಳೆಯ ರೇಟು ನೆನಪಾಯಿತು, ಸುಳ್ಳು ಯಾಕೆ ಹೇಳಲಿ. ಕೈ ಬೀಸಿ ಅವಳ ಕೆನ್ನೆಗೆ ಹೊಡೆದೆ, ಎಡ ಕೆನ್ನೆಗೆ.

"ಕಿವಿ ಕೇಳಂಗಿಲ್ಲೇನಲೇ ನಿನಗ?"

ಅವಳು ಎದ್ದು ಕೂತು, ಕೆನ್ನೆಯನ್ನಲ್ಲ, ಕಿವಿಯನ್ನು ಹಿಡಿದುಕೊಂಡಳು. ಬೆರಳ ಸಂದಿಯಿಂದ ಒದ್ದೆ ಹತ್ತಿ ಕಾಣಿಸಿತು.

"ಈ ಕಡಿ ಕೇಳಂಗಿಲ್ಲವ್ವ," ಅಂದಳು. ಅಳು ಇರಲಿಲ್ಲ, ದೂರೂ ಇರಲಿಲ್ಲ. ಇಷ್ಟು ದಿನ ಬಚ್ಚಿಟ್ಟದ್ದು ಸಿಕ್ಕಿಬಿತ್ತಲ್ಲ ಅನ್ನುವ ಅಂಜಿಕೆ ಮಾತ್ರ ಇತ್ತು. ಹೊಡೆದ ಆ ಕೈಯಲ್ಲೇ ನಾನು ಇವತ್ತಿಗೂ ಊಟ ಮಾಡುತ್ತೇನೆ.

ಮಾರನೆಯ ದಿನ ನಾವು ಮೂವರೂ ದಾವಣಗೆರೆಗೆ ಹೋದೆವು. ಕಿವಿಯ ಡಾಕ್ಟರು ಬಹಳ ಹೊತ್ತು ದೀಪ ಬಿಟ್ಟು ನೋಡಿದರು. ಕಿವಿಯ ಪರದೆ ತೂತಾಗಿದೆ, ಒಳಗಿನ ಸಣ್ಣ ಎಲುಬುಗಳನ್ನು ಕೀವು ತಿಂದಿದೆ ಅಂದರು. ಆಪರೇಷನ್ ಮಾಡಿದರೆ ಸೋರುವುದು ನಿಲ್ಲುತ್ತದೆ, ಕೇಳಿಸುವುದರ ಬಗ್ಗೆ ಮಾತು ಕೊಡಲಾರೆ. "ಮೊದಲ ವಾರದಲ್ಲೇ ಕರ್ಕೊಂಡು ಬಂದಿದ್ರೆ ಬರೀ ಔಷಧಿಯಲ್ಲೇ ಹೋಗ್ತಿತ್ತಲ್ಲಮ್ಮ," ಅಂದರು. ಅವರು ಗದರಿಸಲಿಲ್ಲ. ನಾನು ಆ ಕೂಲಿಯ ಹೆಣ್ಣುಮಗಳನ್ನು ಗದರಿಸಿದ ಹಾಗೆ ಯಾರಾದರೂ ನನ್ನನ್ನು ಎಲ್ಲರ ಎದುರು ಗದರಿಸಿದ್ದರೆ ಅಷ್ಟಾದರೂ ಹಗುರವಾಗುತ್ತಿತ್ತು.

ಆಮೇಲೆ ಅವರು ಆಪರೇಷನ್ನಿನ ಖರ್ಚು ಹೇಳಿದರು. ನನ್ನ ಕೈಚೀಲದಲ್ಲಿ ಪಾಸ್‌ಬುಕ್ ಇತ್ತು, ಅದರಲ್ಲಿ ಅದರ ಎಷ್ಟೋ ಪಟ್ಟು ರೊಕ್ಕ ಇತ್ತು. ಸರ್ಕಾರಿ ನೌಕರಳು ನಾನು, ಬಿಲ್ಲು ಇಟ್ಟರೆ ಬಹುಪಾಲು ವಾಪಸ್ಸೂ ಬರುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ನನ್ನ ಬಾಯಿ ನನ್ನನ್ನು ಕೇಳದೆ ಮಾತಾಡಿತು. "ಅಷ್ಟು ರೊಕ್ಕ ಇಲ್ಲ ಸರ್ ನಮ್ಮ ಹತ್ರ."

ಮಗಳು ಕುರ್ಚಿಯಿಂದ ಇಳಿದು ಚಪ್ಪಲಿ ಹುಡುಕತೊಡಗಿದಳು. "ಬ್ಯಾಡ ಬಿಡವ್ವ, ಒಂದು ಕಿವಿ ಚಲೋ ಐತಲ್ಲ."

ನನ್ನ ಗಂಡ ಇಡೀ ಸಂಸಾರದಲ್ಲಿ ನನ್ನ ಮೇಲೆ ದನಿ ಏರಿಸಿದ್ದು ಅದೊಂದೇ ಸಲ. "ಐತಿ! ರೊಕ್ಕ ಐತಿ ಸರ್. ಆಪರೇಷನ್ ಮಾಡ್ರಿ. ಲೇ, ಇನ್ನೊಂದು ಸಲ ನೀ ಇಲ್ಲ ಅಂದ್ರ ನೋಡು!" ಹೊರಗೆ ಸರದಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳನ್ನು ಕೇಳಿದೆ. "ಯಾಕ ಹೇಳಲಿಲ್ಲ ಮಗಳ? ಒಂದು ಮಾತು ಹೇಳಬಾರ್ದಾ?"

"ನೀನೇ ಅಂದಿದ್ದೆಲ್ಲವ್ವ, ದವಾಖಾನಿಗೆ ಹೋಗಾಕೂ ರೊಕ್ಕಿಲ್ಲ ಅಂತ."

ಆಗ ನನಗೆ ಆ ಶನಿವಾರ, ಆ ಕಟ್ಟೆ, ಆ ಚೀಟಿಯ ಹೆಂಗಸು, ನಾನು ಕುಡಿದ ಚಹಾ ಎಲ್ಲ ನೆನಪಾದವು. ಅದು ಸುಳ್ಳು, ಬೇರೆಯವರ ಬಾಯಿ ಮುಚ್ಚಿಸಲು ಆಡಿದ ಮಾತು, ನಿನಗಾಗಿ ಆಡಿದ್ದಲ್ಲ ಅಂತ ಹೇಳಬೇಕಿತ್ತು. ಹರಪನಹಳ್ಳಿ ಬರುವವರೆಗೂ ಬಾಯಿ ತೆರೆಯುವುದು, ಮುಚ್ಚುವುದು ಮಾಡಿದೆ. ಸುಳ್ಳು ಹೇಳಲು ತಡವರಿಸದ ನಾಲಿಗೆ ನಿಜಕ್ಕೆ ಏಳಲಿಲ್ಲ. ಅವರಪ್ಪ ‘ಐತಿ’ ಅಂದದ್ದನ್ನು ಎಂದಿನ ಸಡಿಲ ಬಾಯಿಯ ಮಾತು ಅಂದುಕೊಂಡು, ಬಡತನದಿಂದ ಹೀಗಾಯಿತು ಅಂತಲೇ ಅವಳು ತಿಳಿದುಕೊಂಡಿರಲಿ, ತಾಯಿ ಸುಳ್ಳಿ ಅಂತ ತಿಳಿಯುವುದಕ್ಕಿಂತ ಅದು ವಾಸಿ ಅಂತ ನನಗೆ ನಾನೇ ಹೇಳಿಕೊಂಡೆ. ಎಲ್ಲ ಅಸ್ತು ದೇವತೆಗಳೂ ಅವತ್ತು ನನ್ನ ಬಸ್ಸಿನ ಮೇಲೇ ಕೂತಿದ್ದಿರಬೇಕು.

ಆಪರೇಷನ್ ಆಯಿತು. ಸೋರುವುದು ನಿಂತಿತು. ಕೇಳುವುದು ಬರಲಿಲ್ಲ. ಎರಡು ವರ್ಷದ ನಂತರ ಸೈಟು ಕೊಂಡೆವು, ಮನೆ ಕಟ್ಟಿದೆವು. ಗೃಹಪ್ರವೇಶಕ್ಕೆ ಬಂದವರೆಲ್ಲ "ಟೀಚರ್ ಭಾರಿ ಗಟ್ಟಿಗಿತ್ತಿ, ಗುಬ್ಬಿ ಗೂಡು ಕಟ್ಟಿದಂಗ ಕಟ್ಯಾಳ" ಅಂತ ಹೊಗಳಿದರು. ಹಿಂದೆ ಅಂಥ ಹೊಗಳಿಕೆಗೆ ಹಿಗ್ಗುತ್ತಿದ್ದೆ. ಅವತ್ತು ಊಟಕ್ಕೆ ಕೂತಾಗ ಮಗಳು ಸಾಲಿನ ಎಡ ತುದಿ ಹುಡುಕಿಕೊಂಡು ಕೂತಳು, ಎಲ್ಲರೂ ತನ್ನ ಬಲಕ್ಕೆ ಬರಲಿ ಅಂತ. ಅದನ್ನು ನೋಡಿದ ಮೇಲೆ ನಾನು ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಈಗ ಅವಳಿಗೆ ಮದುವೆಯಾಗಿದೆ. ಹರಪನಹಳ್ಳಿಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ. ಪಗಾರ ಬರುತ್ತದೆ, ಅಳಿಯ ಒಳ್ಳೆಯ ಹುಡುಗ. ಆದರೆ ಅವಳು ತನಗಂತ ಒಂದು ಸೀರೆ ಕೊಂಡಿದ್ದನ್ನು ನಾನು ನೋಡಿಲ್ಲ. ಚಪ್ಪಲಿ ಹರಿದರೆ ಹೊಲಿಸುತ್ತಾಳೆ, ಮತ್ತೆ ಹೊಲಿಸುತ್ತಾಳೆ. "ತಾಯಿಯಂತೆ ಮಗಳು, ನೂಲಿನಂತೆ ಸೀರೆ" ಅಂತ ಬೀಗತಿ ಮೆಚ್ಚಿಕೊಂಡು ಅಂದರು. ಬೈದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ಕಿವಿಗೆ ಮಷೀನ್ ಹಾಕಿಸಿಕೊಂಡರೆ ಎಡಗಡೆಯೂ ಕೇಳುತ್ತದೆ ಅಂತ ಡಾಕ್ಟರು ಎಂದೋ ಹೇಳಿದ್ದಾರೆ. "ಒಂದು ಕಿವಿ ಸಾಕು, ಅದಕ್ಯಾಕ ಅಷ್ಟು ರೊಕ್ಕ" ಅನ್ನುತ್ತಲೇ ಬಂದಿದ್ದಳು.

ಕಳೆದ ತಿಂಗಳು ಅಳಿಯ ಫೋನ್ ಮಾಡಿದ. ರಸ್ತೆ ದಾಟುವಾಗ ಎಡಗಡೆಯಿಂದ ಬಂದ ಬೈಕು ಅವಳಿಗೆ ಬಡಿದಿತ್ತು. ಬೈಕಿನವನು ಹಾರ್ನ್ ಹೊಡೆದಿದ್ದನಂತೆ, ಇವಳಿಗೆ ಕೇಳಿಸಿಲ್ಲ. ಮೊಣಕೈ ತರಚಿ, ಮಂಡಿಗೆ ಪೆಟ್ಟಾಗಿ, ಎಂಟು ದಿನ ಆಗಿತ್ತು. "ಅತ್ತಿ, ನಿಮಗ ಹೇಳಬ್ಯಾಡ ಅಂದಾಳ, ಆದ್ರೂ ಮನಸ್ಸು ತಡಿಲಿಲ್ಲ" ಅಂದ. ಮತ್ತೆ ಹೇಳಿರಲಿಲ್ಲ. ಹದಿಮೂರು ವರ್ಷದ ಹಿಂದೆ ಕಿವಿಯ ವಿಷಯ ಹೇಳದಿದ್ದ ಹಾಗೆಯೇ.

ಮಾರನೆಯ ದಿನ ಬ್ಯಾಂಕಿಗೆ ಹೋಗಿ ರೊಕ್ಕ ತೆಗೆದುಕೊಂಡು ಹರಪನಹಳ್ಳಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತುಟಿಯೊಳಗೇ ‘ಐತಿ, ಐತಿ’ ಅಂತ ಅಭ್ಯಾಸ ಮಾಡಿದೆ, ಒಂದನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದಂತೆ. ಅವಳ ಮನೆಗೆ ಹೋದವಳೇ, "ಏಳು, ದಾವಣಗೆರಿಗೆ ಹೋಗೋಣ, ಮಷೀನ್ ತರೋಣ" ಅಂದೆ. ಅವಳು ಬೇಡ ಅಂದಳು, ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅದಕ್ಕೆ ಹೆದರಿ ಚೀಲ ತೆಗೆದುಕೊಂಡಳು.

ಬಸ್ಸಿನಲ್ಲಿ ನಾನು ಬೇಕೆಂದೇ ಎಡಗಡೆಯ ಕಿಟಕಿಯ ಸೀಟು ಹಿಡಿದೆ. ಅವಳು ನನ್ನ ಬಲಕ್ಕೆ ಕೂತಳು. ಅಂದರೆ ನಾನು ಅವಳ ಎಡಕ್ಕಿದ್ದೆ. ಬಸ್ಸು ಊರು ದಾಟಿ ಗದ್ದಲ ಎಬ್ಬಿಸಿದ ಮೇಲೆ ಕಿಟಕಿಯ ಹೊರಗೆ ನೋಡುತ್ತ ಎಲ್ಲವನ್ನೂ ಹೇಳಿದೆ. ಆ ಶನಿವಾರ ಆಡಿದ್ದು ಸುಳ್ಳು, ಮನೆಯಲ್ಲಿ ರೊಕ್ಕ ಇತ್ತು, ಬೇಕಾದಷ್ಟಿತ್ತು, ಸೈಟಿಗಂತ ಇಟ್ಟಿದ್ದೆ, ನಿನ್ನ ಕಿವಿ ಹೋಗಿದ್ದು ಬಡತನದಿಂದಲ್ಲ, ನನ್ನ ಬಾಯಿಂದ. ಒಂದೇ ಉಸಿರಿಗೆ ಹೇಳಿದೆ. ಅವಳಿಗೆ ಕೇಳಿಸದ ಕಡೆ ಕೂತು ಹೇಳಿದೆ. ಅಷ್ಟು ಹೇಡಿ ನಾನು. ಹೇಳಿದ ಸಮಾಧಾನವೂ ಬೇಕು, ಅವಳಿಗೆ ಕೇಳಿಸಲೂ ಬಾರದು.

ಅವಳು ನನ್ನ ತುಟಿ ಅಲುಗಿದ್ದನ್ನು ನೋಡಿದ್ದಳು. "ಏನೋ ಅಂದಿಯಲ್ಲ? ಅಲ್ಲಿ ಕುಂತು ಮಾತಾಡಿದ್ರ ನನಗ ಕೇಳಂಗಿಲ್ಲವ್ವ. ಈ ಕಡಿ ಬಂದು ಹೇಳು."

ಎದ್ದು ಸೀಟು ಬದಲಿಸಿದೆವು. ಅವಳು ಕಿಟಕಿಗೆ ಸರಿದಳು, ನಾನು ಬಲಕ್ಕೆ ಬಂದೆ. ಎರಡನೆಯ ಸಲ ಹೇಳುವುದು ನೂರು ಪಟ್ಟು ಕಷ್ಟವಾಯಿತು. ನಡುವೆ ಎರಡು ಸಲ ನಿಂತೆ. ಅವಳು ಬಲಗಿವಿ ಕೊಟ್ಟು ಪೂರ್ತಿ ಕೇಳಿದಳು.

"ನನಗ ಗೊತ್ತಿತ್ತವ್ವ," ಅಂದಳು.

ನಾನು ಅವಳ ಮುಖವನ್ನೇ ನೋಡಿದೆ.

"ಅವತ್ತು ಚೀಟಿಯಾಕಿ ಬಂದಾಗ ನಾನು ಒಳಗ ಸರ್ಟಿಫಿಕೇಟ್ ಹುಡುಕಾಕ ಹತ್ತಿದ್ನೆಲ್ಲ, ದೇವರ ಫೋಟೋದ ಹಿಂದಿನ ಚೀಲದಾಗ. ಪಾಸ್‌ಬುಕ್ ಕೈಯಾಗ ಇತ್ತು. ನೋಡಿದೆ. ಹೊರಗ ನೀನು ದವಾಖಾನಿಗೂ ರೊಕ್ಕಿಲ್ಲ ಅಂತಿದ್ದಿ." ಅವಳು ಮಡಿಲ ಮೇಲಿನ ಚೀಲವನ್ನು ಸರಿಮಾಡಿಕೊಂಡಳು. "ರೊಕ್ಕ ಐತಿ ಅಂತ ಗೊತ್ತಿತ್ತು. ನನಗಂತ ಇಲ್ಲ ಅನ್ಕೊಂಡೆ."

ಹದಿಮೂರು ವರ್ಷ ನಾನು ಒಂದು ಸುಳ್ಳಿನ ಪಾಪ ಹೊತ್ತು ತಿರುಗಿದ್ದೆ. ಮಗುವಿಗೆ ಬಡತನದ ಸುಳ್ಳು ಹೇಳಿದೆ ಅಂತ ಕೊರಗಿದ್ದೆ. ಅದು ಚಿಕ್ಕ ಪಾಪವಾಗಿತ್ತು. ಆ ಸುಳ್ಳನ್ನು ಅವಳು ನಂಬಿಯೇ ಇರಲಿಲ್ಲ. ತನ್ನ ಕಿವಿಗಿಂತ ಮುಖ್ಯವಾದದ್ದಕ್ಕೆ ಅವ್ವ ರೊಕ್ಕ ಕೂಡಿಡುತ್ತಿದ್ದಾಳೆ ಅಂತ ಹದಿನಾಲ್ಕು ವರ್ಷದ ಹುಡುಗಿ ತೀರ್ಮಾನ ಮಾಡಿ, ಬೆಳ್ಳುಳ್ಳಿ ಜಜ್ಜಲು ಹೋಗಿದ್ದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. "ಅಳಬ್ಯಾಡ, ಜನ ನೋಡ್ತಾರ" ಅಂದಳು.

ಮಷೀನಿನ ಅಂಗಡಿಯಲ್ಲಿ ಒಬ್ಬ ವಯಸ್ಸಾದ ಮನುಷ್ಯ ಎರಡು ಡಬ್ಬಿ ತಂದು ಗಾಜಿನ ಮೇಲೆ ಇಟ್ಟ. ಒಂದು ಸಾದಾ, ಇನ್ನೊಂದು ಚಿಕ್ಕದು, ಕಿವಿಯೊಳಗೆ ಕೂತರೆ ಕಾಣುವುದೇ ಇಲ್ಲ. ಯಾವುದು ತೋರಿಸಲಿ ಅಂತ ಕೇಳಿದ. ಮಗಳು ಆಗಲೇ ಸಾದಾ ಡಬ್ಬಿಯ ಕಡೆ ಕೈ ಚಾಚಿ, "ಇದೇ ಸಾಕ್ರಿ, ಅಷ್ಟು ರೊಕ್ಕ ಇಲ್ಲ" ಅಂದಿದ್ದಳು.

"ಐತಿ," ಅಂದೆ ನಾನು. ಅಭ್ಯಾಸ ಇಲ್ಲದ ಮಾತು, ದನಿ ಎಲ್ಲಿಗೆ ನಿಲ್ಲಿಸಬೇಕೋ ತಿಳಿಯದೆ ಅಂಗಡಿಯ ತುಂಬ ಕೇಳುವಷ್ಟು ಜೋರಾಗಿ ಬಂತು. "ಚಲೋದು ತೋರಸ್ರಿ. ರೊಕ್ಕ ಐತಿ. ನನ್ನ ಮಗಳಿಗಂತನ ಐತಿ."

ಮಗಳು ಮಷೀನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಬಾಗಿಲ ಕಡೆ ನೋಡಿದಳು, ಯಾರಾದರೂ ನಿಂತು ಕೇಳಿಸಿಕೊಂಡರೇನೋ ಎಂದು.